ಚರ್ಚ್ ಮದುವೆಗೆ ಜ್ಞಾನಸ್ನಾನದ ನಕಲು ತೆಗೆಸುವುದು ಹೇಗೆ

ಬೆಂಗಳೂರು ಕಥೋಲಿಕ ಮಹಾಧರ್ಮಕ್ಷೇತ್ರದ (ಆರ್ಚ್‌ಡಯಾಸಿಸ್) ಯಾವುದಾದರೂ ಚರ್ಚಿನಲ್ಲಿ ಮದುವೆ ಮಾಡಿಕೊಳ್ಳುವುದಿದ್ದರೆ, ಛತ್ರಕ್ಕೆ ಮುಂಗಡ ಕೊಡುವ ಮೊದಲು ಹುಡುಗ, ಹುಡುಗಿ ಇಬ್ಬರೂ ಜ್ಞಾನಸ್ನಾನದ (ಬ್ಯಾಪ್ಟಿಸಂ) ದಾಖಲೆಯ ನಕಲು ತೆಗೆಸಿಕೊಳ್ಳಿ. ಬೀರುವಿನಲ್ಲಿ ಜೋಪಾನವಾಗಿರುವ ಹಳೇ ಪತ್ರ ನಡೆಯುವುದಿಲ್ಲ. ಆರು ತಿಂಗಳೊಳಗೆ ಬರೆದುಕೊಟ್ಟದ್ದನ್ನೇ ಗುರುಗಳು ಕೇಳುತ್ತಾರೆ.

ಇದು ಬರೀ ಕಾಗದದ ಕಾಟವಲ್ಲ. ನೀವು ಎಲ್ಲೇ ದೃಢೀಕರಣ ಸಂಸ್ಕಾರ (ಕನ್ಫರ್ಮೇಷನ್) ಪಡೆಯಿರಿ, ಎಲ್ಲೇ ಮದುವೆಯಾಗಿ, ಅದು ಜ್ಞಾನಸ್ನಾನ ಪಡೆದ ಚರ್ಚಿನ ರಿಜಿಸ್ಟರಿಗೆ ವಾಪಸು ಬಂದು, ನಿಮ್ಮ ಹೆಸರಿನ ಸಾಲಿನ ಕೊನೆಯ ಷರಾ ಕಾಲಂನಲ್ಲಿ ಸೇರಬೇಕು. ಹೊಸ ನಕಲಿನಲ್ಲಿ ಮದುವೆಯ ಷರಾ ಇಲ್ಲವೆಂದರೆ, ಈ ವ್ಯಕ್ತಿಗೆ ಚರ್ಚಿನಲ್ಲಿ ಹಿಂದೆ ಮದುವೆಯಾದ ದಾಖಲೆ ಇಲ್ಲ ಎಂದರ್ಥ. ಹಳೇ ಪತ್ರ ಇದನ್ನು ಹೇಳಲಾರದು.

ಅನೇಕರು ನೇರ ಮಿಲ್ಲರ್ಸ್ ರಸ್ತೆಯ ಮಹಾಧರ್ಮಾಧ್ಯಕ್ಷರ (ಆರ್ಚ್‌ಬಿಷಪ್) ನಿವಾಸಕ್ಕೆ ಹೋಗುತ್ತಾರೆ. ಆದರೆ ರಿಜಿಸ್ಟರ್ ಇರುವುದು ಧರ್ಮಕೇಂದ್ರದಲ್ಲಿ (ಪ್ಯಾರಿಷ್). ಅದೂ ಈಗ ನೀವು ಪೂಜೆಗೆ ಹೋಗುವ ಧರ್ಮಕೇಂದ್ರದಲ್ಲಲ್ಲ, ತಲೆಗೆ ನೀರು ಬಿದ್ದ ಚರ್ಚಿನಲ್ಲಿ. ಬೆಂಗಳೂರಿನವರು ಎಡವುವುದು ಇಲ್ಲೇ. ಊರು ಬೆಳೆದಂತೆ ದೊಡ್ಡ ಧರ್ಮಕೇಂದ್ರಗಳು ಒಡೆದು ಹೊಸವು ಹುಟ್ಟಿವೆ. ನಿಮ್ಮ ಚರ್ಚು ಆಗಿನ್ನೂ ಉಪಕೇಂದ್ರವಾಗಿದ್ದರೆ ದಾಖಲೆ ತಾಯಿ ಚರ್ಚಿನಲ್ಲಿರುತ್ತದೆ. ಮನೆಯ ಹಿರಿಯರನ್ನೋ ಜ್ಞಾನತಂದೆಯನ್ನೋ (ಗಾಡ್‌ಫಾದರ್) ಒಮ್ಮೆ ಕೇಳಿಬಿಡಿ, ಅರ್ಧ ಕೆಲಸ ಮುಗಿಯುತ್ತದೆ.

ಕಚೇರಿಗೆ ಹೋಗುವಾಗ ಹುಟ್ಟಿದ ದಿನ, ಜ್ಞಾನಸ್ನಾನದ ಅಂದಾಜು ತಿಂಗಳು, ತಂದೆ ತಾಯಿಯ ಹೆಸರು ಬರೆದುಕೊಂಡು ಹೋಗಿ. ಹಳೇ ಪತ್ರವಿದ್ದರೆ ಅದರ ಕ್ರಮಸಂಖ್ಯೆ ನೋಡಿ ಐದು ನಿಮಿಷದಲ್ಲಿ ಪುಟ ಸಿಗುತ್ತದೆ. ಸಿಗದಿದ್ದರೆ ಹೆಸರಿನ ಇನ್ನೊಂದು ರೂಪ ಹೇಳಿ: ಮನೆಯಲ್ಲಿ ಚಿನ್ನಪ್ಪ ಆದವನು ರಿಜಿಸ್ಟರಿನಲ್ಲಿ ಪೌಲ್ ಆಗಿರಬಹುದು, ರಾಯಪ್ಪ ಪೀಟರ್ ಆಗಿರಬಹುದು, ಚೌರಪ್ಪ ಕ್ಸೇವಿಯರ್ ಆಗಿರಬಹುದು. ಆಧಾರ್‌ನಲ್ಲಿರುವ ಹೆಸರು ಬೇರೆಯಾಗಿದ್ದರೆ ಜನನ ಪ್ರಮಾಣಪತ್ರವನ್ನೂ ಒಯ್ದು ಆಗಲೇ ಹೇಳಿ. ಮದುವೆಗೆ ಎರಡು ದಿನ ಇರುವಾಗ ಇದು ಬಯಲಾದರೆ ಎರಡೂ ಮನೆಯವರಿಗೆ ಸಂಕಟ.

ರಿಜಿಸ್ಟರೇ ಕಳೆದುಹೋಗಿದ್ದರೆ ಹೆದರಬೇಡಿ. ಜ್ಞಾನಸ್ನಾನವನ್ನು ಕಣ್ಣಾರೆ ಕಂಡ, ನಂಬಿಕಸ್ತ ಒಬ್ಬ ಸಾಕ್ಷಿಯ ಹೇಳಿಕೆ ಸಾಕೆಂದು ಧರ್ಮಸಭೆಯ ಕಾನೂನಿನ 876ನೇ ವಿಧಿ ಹೇಳುತ್ತದೆ.

ಎಷ್ಟು ಮುಂಚೆ ಶುರು ಮಾಡಬೇಕು? ಮೂರು ತಿಂಗಳು ಇಟ್ಟುಕೊಳ್ಳಿ. ವಿವಾಹ ಪೂರ್ವಸಿದ್ಧತಾ ಶಿಬಿರ, ಗುರುಗಳ ಮುಂದೆ ಇಬ್ಬರ ವಿಚಾರಣೆ, ಬಳಿಕ ಎರಡೂ ಧರ್ಮಕೇಂದ್ರಗಳಲ್ಲಿ ಸಾಮಾನ್ಯವಾಗಿ ಮೂರು ಭಾನುವಾರ ಮದುವೆಯ ಪ್ರಕಟಣೆ, ಎಲ್ಲಕ್ಕೂ ದಿನ ಹಿಡಿಯುತ್ತದೆ. ಒಬ್ಬರು ಮಂಗಳೂರು, ಮೈಸೂರಿನಂಥ ಬೇರೆ ಧರ್ಮಕ್ಷೇತ್ರದವರಾದರೆ ಅಲ್ಲಿಯ ಗುರುಗಳ ಪತ್ರ ಬರಬೇಕು. ಧರ್ಮಕ್ಷೇತ್ರದ ಕಚೇರಿಯ ಮೊಹರು ಬೇಕೇ ಎಂದು ಮೊದಲೇ ಕೇಳಿ. ಜೊತೆಗಾರರು ಕ್ರೈಸ್ತರಲ್ಲದಿದ್ದರೆ ಮಹಾಧರ್ಮಾಧ್ಯಕ್ಷರಿಂದ ವಿನಾಯಿತಿ ಬೇಕು. ಅರ್ಜಿ ನಿಮ್ಮ ಗುರುಗಳ ಮೂಲಕವೇ ಹೋಗುತ್ತದೆ, ಇನ್ನಷ್ಟು ದಿನ ಕೈಯಲ್ಲಿರಲಿ.

ಮದುವೆಯಾದ ಮೇಲೆ ಎಲ್ಲರೂ ಮರೆಯುವ ಕೆಲಸವೊಂದಿದೆ. ಮದುವೆ ನಡೆದ ಚರ್ಚಿನವರು ಇಬ್ಬರ ಜ್ಞಾನಸ್ನಾನದ ಚರ್ಚುಗಳಿಗೂ ಸೂಚನಾಪತ್ರ ಕಳಿಸಬೇಕು. ಒಂದೆರಡು ತಿಂಗಳು ಬಿಟ್ಟು ಆ ಕಚೇರಿಗಳಲ್ಲಿ ಷರಾ ಬಿದ್ದಿದೆಯೇ ಎಂದು ವಿಚಾರಿಸಿ.