ಲಿಡಿಯಾ ಮುಖಕ್ಕೆ ಮಸಿ ಬಳಿದದ್ದು ಯಾರು?

ಶನಿವಾರ ರಾತ್ರಿ ಹನ್ನೊಂದೂವರೆ. ಸ್ಕೈರಿಮ್ ಸ್ಪೆಷಲ್ ಎಡಿಷನ್ ಅನ್ನೋ ಕಂಪ್ಯೂಟರ್ ಆಟ ತೆರೆದು ಅದರೊಳಗಿನ ವೈಟ್‌ರನ್ ಊರಿನ ನನ್ನ ಮನೆಗೆ ಹೋದೆ. ಆಟದಲ್ಲಿ ನನ್ನ ಜೊತೆಗಾರ್ತಿ ಲಿಡಿಯಾ ಎಂದಿನ ಹಾಗೆ ಕುರ್ಚಿಯಲ್ಲಿ ಕೂತು ಬ್ರೆಡ್ ತಿನ್ನುತ್ತಿದ್ದಳು. ಕುತ್ತಿಗೆ ತನಕ ಎಲ್ಲಾ ಸರಿ, ಮುಖ ಮಾತ್ರ ಒಲೆ ಮೇಲಿಟ್ಟ ಪಾತ್ರೆಯ ತಳದ ಹಾಗೆ. ಪಕ್ಕದಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದ ತಮ್ಮ ಇಣುಕಿ, "ಏನಣ್ಣಾ, ಇವಳಿಗೆ ಯಾರು ಮಸಿ ಬಳಿದ್ರು?" ಅಂತ ನಕ್ಕ. ನನಗೆ ನಗು ಬರಲಿಲ್ಲ. 340 ಮಾಡ್ (ಆಟವನ್ನು ಬದಲಿಸಲು ಮೇಲಿನಿಂದ ಸೇರಿಸುವ ಫೈಲ್‌ಗಳ ಕಟ್ಟು) ಹಾಕಿ, ಮೂರು ವಾರ ಕೂತು ಜೋಡಿಸಿದ ಆಟ. ಹಿಂದಿನ ದಿನ ಅವಳ ಮುಖ ಚೆನ್ನಾಗಿಯೇ ಇತ್ತು.

ಮೊದಲು ಬೈದದ್ದು ಈ ಮಾಡ್‌ಗಳನ್ನೆಲ್ಲ ಜೋಡಿಸಿಡುವ ಟೂಲ್ ಮಾಡ್ ಆರ್ಗನೈಸರ್ 2 ಅನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಈ ಟೂಲ್ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಮಾಡ್‌ಗಳನ್ನು ಆಟದ ಡೇಟಾ ಫೋಲ್ಡರ್‌ಗೆ ಹಾಕುವುದೇ ಇಲ್ಲ. ಒಂದೊಂದು ಮಾಡ್ ಅದರದರ ಫೋಲ್ಡರ್‌ನಲ್ಲಿ ಇರುತ್ತದೆ, ಆಟ ಶುರುವಾದಾಗ ಮಾತ್ರ ಎಲ್ಲವೂ ಡೇಟಾ ಒಳಗೇ ಇವೆ ಅನ್ನೋ ಭ್ರಮೆ ಹುಟ್ಟಿಸುತ್ತದೆ. ಹಾಗಾಗಿ ಡೆಸ್ಕ್‌ಟಾಪ್ ಶಾರ್ಟ್‌ಕಟ್‌ನಿಂದ ಆಟ ತೆರೆದರೆ ಒಂದು ಮಾಡ್ ಕೂಡ ಇಲ್ಲದ ಬರಿ ಸ್ಕೈರಿಮ್ ಬರುತ್ತದೆ. (ಶುರುವಿನಲ್ಲಿ ನಾನು ಎರಡು ದಿನ ಹೀಗೇ ತೆರೆದು, ಮಾಡ್‌ಗಳೇ ಸರಿ ಇಲ್ಲ ಅಂದುಕೊಂಡು ಅಷ್ಟನ್ನೂ ಮತ್ತೆ ಡೌನ್‌ಲೋಡ್ ಮಾಡಿದ್ದೆ. ಇದನ್ನು ತಮ್ಮನಿಗೆ ಇನ್ನೂ ಹೇಳಿಲ್ಲ.) ಈ ಸಲ ಅದಲ್ಲ. ಉಳಿದ ಮಾಡ್‌ಗಳೆಲ್ಲ ಕಾಣುತ್ತಿದ್ದವು.

ಹಾಗಾದರೆ ನಿನ್ನೆಯಿಂದ ಇವತ್ತಿಗೆ ಬದಲಾದದ್ದೇನು? ಏನೂ ಮುಟ್ಟಿಲ್ಲ ಅಂತಲೇ ನನ್ನ ತಲೆ ಹೇಳುತ್ತಿತ್ತು. ಹತ್ತು ನಿಮಿಷ ಆದ ಮೇಲೆ ನೆನಪಾಯಿತು: ಮಧ್ಯಾಹ್ನ ಊಟ ಮಾಡಿ ಬಂದು ಸುಮ್ನೆ ಲೂಟ್ ಓಡಿಸಿದ್ದೆ. ಪ್ಲಗಿನ್‌ಗಳನ್ನು, ಅಂದರೆ ಮಾಡ್ ಆಟದಲ್ಲಿ ಏನೇನು ಬದಲಿಸುತ್ತದೆ ಅಂತ ಬರೆದಿರುವ ಫೈಲ್‌ಗಳನ್ನು, ತಾನೇ ಕ್ರಮವಾಗಿ ಜೋಡಿಸಿಕೊಡುವ ಟೂಲ್ ಅದು. ಓಡಿಸುವ ಮೊದಲು ಒತ್ತಬೇಕಿದ್ದ ಬ್ಯಾಕಪ್ ಬಟನ್ ಪಟ್ಟಿಯ ಮೇಲೇ ಇದೆ, ಒತ್ತಿರಲಿಲ್ಲ.

ಇಲ್ಲೇ ನಾನು ಇಷ್ಟು ದಿನ ಸರಿಯಾಗಿ ಅರ್ಥ ಮಾಡಿಕೊಳ್ಳದೇ ಇದ್ದ ವಿಷಯ ಇರೋದು. ಮಾಡ್ ಆರ್ಗನೈಸರ್‌ನಲ್ಲಿ ಎರಡು ಪಟ್ಟಿ ಇವೆ ಅಲ್ವಾ, ಎಡಗಡೆ ಮಾಡ್‌ಗಳದ್ದು, ಬಲಗಡೆ ಪ್ಲಗಿನ್‌ಗಳದ್ದು. ಎರಡರಲ್ಲೂ ಕೆಳಗಿರುವುದೇ ಗೆಲ್ಲುತ್ತದೆ, ಆದರೆ ಗೆಲ್ಲುವ ವಸ್ತು ಬೇರೆ ಬೇರೆ. ಎಡಗಡೆ ಗೆದ್ದವರ ಫೈಲ್ ಆಟಕ್ಕೆ ಹೋಗುತ್ತದೆ, ಅಂದರೆ ಮೆಶ್ (ಆಕಾರ), ಟೆಕ್ಸ್ಚರ್ (ಮೇಲಿನ ಬಣ್ಣ) ಇಂಥವು. ಬಲಗಡೆ ಗೆದ್ದವರ ದಾಖಲೆ ಹೋಗುತ್ತದೆ, ಅಂದರೆ ಲಿಡಿಯಾಗೆ ಯಾವ ಮೂಗು, ಯಾವ ಕಣ್ಣು, ಯಾವ ಕೂದಲು ಅನ್ನೋ ಬರಹ. ಲೂಟ್ ಮುಟ್ಟುವುದು ಬಲಗಡೆಯನ್ನು ಮಾತ್ರ. ಎಡಗಡೆ ಇದ್ದ ಹಾಗೇ ಇರುತ್ತದೆ.

ಸ್ಕೈರಿಮ್‌ನಲ್ಲಿ ಈ ಪಾತ್ರಗಳ ತಲೆಯನ್ನು ಮೊದಲೇ ಮಾಡಿ ಫೈಲ್‌ನಲ್ಲಿ ಇಟ್ಟಿರುತ್ತಾರೆ, ಫೇಸ್‌ಜೆನ್ ಅಂತಾರೆ. ಒಂದು ಮೆಶ್, ಒಂದು ಬಣ್ಣದ ಫೈಲ್. ದಾಖಲೆಯಲ್ಲಿ ಬರೆದದ್ದು ಒಂದು, ಫೈಲ್‌ನಲ್ಲಿರುವ ತಲೆ ಇನ್ನೊಂದು ಆಯಿತು ಅಂದರೆ ಆಟಕ್ಕೆ ಗೊಂದಲವಾಗಿ ಮುಖ ಕಪ್ಪಾಗುತ್ತದೆ. ಅಂದರೆ ಲಿಡಿಯಾಳ ದಾಖಲೆ ಒಂದು ಮಾಡ್‌ನಿಂದ, ತಲೆ ಇನ್ನೊಂದು ಮಾಡ್‌ನಿಂದ ಬರುತ್ತಿರಬೇಕು. ಯಾವ ಎರಡು?

ಆಟದೊಳಗೆ ಕಮಾಂಡ್ ಹೊಡೆಯುವ ಕನ್ಸೋಲ್ ತೆರೆದು ಅವಳ ಮೇಲೆ ಕ್ಲಿಕ್ ಮಾಡಿದೆ, 000ಎ2ಸಿ94 ಅಂತ ಬಂತು. ಮಾಡ್ ಆರ್ಗನೈಸರ್‌ನ ಡೇಟಾ ಟ್ಯಾಬ್‌ನಲ್ಲಿ ಅದೇ ಹೆಸರು ಹುಡುಕಿದರೆ ಏನೂ ಇಲ್ಲ. ಇದಕ್ಕೇ ಅರ್ಧ ಗಂಟೆ ಹೋಯಿತು. ಆಮೇಲೆ ಹೊಳೆಯಿತು: ಕ್ಲಿಕ್ ಮಾಡಿದಾಗ ಕಾಣುವುದು ಆಟದ ಒಳಗೆ ನಿಂತಿರುವ ಲಿಡಿಯಾಳ ಗುರುತು, ಫೈಲ್‌ಗೆ ಇಟ್ಟ ಹೆಸರು ಅವಳ ಮೂಲ ದಾಖಲೆಯ ಗುರುತು, 000ಎ2ಸಿ8ಇ. ಅದನ್ನು ಹುಡುಕಿದ ತಕ್ಷಣ ಎರಡೂ ಫೈಲ್ ಸಿಕ್ಕವು. ಎದುರಿಗೆ ಮಾಡ್ ಹೆಸರಿನ ಕಾಲಮ್‌ನಲ್ಲಿ ಇದ್ದದ್ದು ಊರಿನವರೆಲ್ಲರ ಮುಖ ಬದಲಿಸುವ ಒಂದು ದೊಡ್ಡ ಮಾಡ್.

ದಾಖಲೆ ಯಾರದ್ದು ಅಂತ ನೋಡಲು ಎಸ್‌ಎಸ್‌ಇ ಎಡಿಟ್ ಅನ್ನೋ ಇನ್ನೊಂದು ಟೂಲ್ ಬೇಕು. ಅದನ್ನೂ ಮಾಡ್ ಆರ್ಗನೈಸರ್ ಒಳಗಿಂದಲೇ ತೆರೆಯಬೇಕು, ಹೊರಗಿನಿಂದ ತೆರೆದರೆ ನಿಮ್ಮ ಮಾಡ್‌ಗಳು ಅದಕ್ಕೆ ಕಾಣುವುದಿಲ್ಲ. ಅದೇ ಗುರುತು ಹಾಕಿದೆ. ಅಲ್ಲಿ ಎಲ್ಲಕ್ಕಿಂತ ಬಲಗಡೆಯ ಕಾಲಮ್ ಗೆದ್ದವರದ್ದು. ಅಲ್ಲಿದ್ದದ್ದು ಜೊತೆಗಾರರ ಮುಖ ಮಾತ್ರ ಬದಲಿಸುವ ಒಂದು ಪುಟ್ಟ ಮಾಡ್. ಲೂಟ್ ಅದನ್ನು ದೊಡ್ಡದರ ಕೆಳಗೆ ಇಳಿಸಿತ್ತು.

ಬಲಗಡೆ ಮತ್ತೆ ಮೊದಲಿನ ಹಾಗೇ ಎಳೆದು ಹಾಕಿದ್ದರೆ ಮುಗಿಯುತ್ತಿತ್ತು, ನಿಜ. ಆದರೆ ಆ ಪುಟ್ಟ ಮಾಡ್ ಹಾಕಿದ್ದೇ ಅದರ ಲಿಡಿಯಾ ಬೇಕು ಅಂತ. ಇಷ್ಟು ದಿನ ದೊಡ್ಡ ಮಾಡ್‌ನ ಲಿಡಿಯಾಳನ್ನೇ ನೋಡುತ್ತಾ, ಹೊಸ ಮುಖ ಚೆನ್ನಾಗಿದೆ ಅಂದುಕೊಂಡಿದ್ದೆ! ಲೂಟ್ ಮಾಡಿದ್ದೇ ಸರಿ. ಹಿಂದೆ ಉಳಿದದ್ದು ನನ್ನ ಎಡಗಡೆಯ ಪಟ್ಟಿ.

ಸರಿ, ಎಡಗಡೆ ಪುಟ್ಟ ಮಾಡ್ ಅನ್ನು ದೊಡ್ಡದರ ಕೆಳಗೆ ಎಳೆದೆ. ಆಟ ತೆರೆದೆ. ಮುಖ ಕಪ್ಪೇ.

ಗಂಟೆ ಒಂದಾಗಿತ್ತು. ತಮ್ಮ ಮಲಗಿದ್ದ. ಡೇಟಾ ಟ್ಯಾಬ್‌ನಲ್ಲಿ ನೋಡಿದರೆ ಇನ್ನೂ ದೊಡ್ಡ ಮಾಡ್‌ನ ಹೆಸರೇ ಇದೆ. ಯಾಕೆ ಅಂತ ಪುಟ್ಟ ಮಾಡ್‌ನ ಫೋಲ್ಡರ್ ಒಳಗೆ ಇಣುಕಿದೆ. ಅಲ್ಲಿ ಒಂದು ಪ್ಲಗಿನ್, ಒಂದು ಬಿಎಸ್‌ಎ, ಅಷ್ಟೇ. ಬಿಎಸ್‌ಎ ಅಂದರೆ ಫೈಲ್‌ಗಳನ್ನೆಲ್ಲ ಕಟ್ಟಿಟ್ಟ ಮೂಟೆ. ದೊಡ್ಡ ಮಾಡ್‌ನಲ್ಲಿ ಅವೇ ಫೈಲ್‌ಗಳು ಬಿಡಿಬಿಡಿಯಾಗಿ ಹರಡಿದ್ದವು. ಮೂಟೆಯ ಒಳಗಿನದ್ದಕ್ಕೂ ಬಿಡಿ ಫೈಲ್‌ಗೂ ಜಗಳ ಬಂದರೆ ಸ್ಕೈರಿಮ್‌ನಲ್ಲಿ ಯಾವಾಗಲೂ ಬಿಡಿ ಫೈಲ್ ಗೆಲ್ಲುತ್ತದೆ, ಪಟ್ಟಿಯಲ್ಲಿ ನೀವು ಎಲ್ಲಿಗೇ ಎಳೆದರೂ ಅಷ್ಟೇ.

ಹಾಗಾಗಿ ದೊಡ್ಡ ಮಾಡ್ ಮೇಲೆ ಡಬಲ್ ಕ್ಲಿಕ್ ಮಾಡಿ, ಫೈಲ್‌ಟ್ರೀಯಲ್ಲಿ ಲಿಡಿಯಾಳ ಎರಡೂ ಫೈಲ್ ಹುಡುಕಿ, ರೈಟ್ ಕ್ಲಿಕ್ ಮಾಡಿ ಹೈಡ್ ಕೊಟ್ಟೆ. ಇದು ಫೈಲ್ ಅಳಿಸುವುದಿಲ್ಲ, ಹೆಸರಿನ ಕೊನೆಗೆ ಮೋಹಿಡನ್ ಅಂತ ಸೇರಿಸುತ್ತದೆ, ಆಟಕ್ಕೆ ಕಾಣುವುದಿಲ್ಲ. ಬೇಡ ಅನ್ನಿಸಿದರೆ ಅನ್‌ಹೈಡ್. ಡಿಲೀಟ್ ಒತ್ತುವ ಚಪಲ ಇರುವವರು ಇದನ್ನು ರೂಢಿ ಮಾಡಿಕೊಂಡರೆ ಒಳ್ಳೆಯದು, ನಾನೂ ಆ ಪೈಕಿಯೇ.

ನೋಡಲು ಪ್ರತಿ ಸಲ ಸೇವ್ ತೆರೆಯಬೇಕಿಲ್ಲ. ಮುಖ್ಯ ಮೆನುವಿನಲ್ಲೇ ಕನ್ಸೋಲ್ ತೆರೆದು ಸಿಒಸಿ ರಿವರ್‌ವುಡ್ ಅಂತ ಹೊಡೆದರೆ ಸೀದಾ ಹಳ್ಳಿಗೆ ಹೋಗುತ್ತೀರಿ. ಅಲ್ಲಿ ಪ್ಲೇಸ್‌ಅಟ್‌ಮಿ ಕಮಾಂಡ್‌ಗೆ ಮೂಲ ದಾಖಲೆಯ ಗುರುತು ಕೊಟ್ಟರೆ ಒಬ್ಬಳು ಲಿಡಿಯಾ ಎದುರಿಗೇ ಉದುರುತ್ತಾಳೆ. ಉದುರಿದಳು. ಮುಖ, ಕುತ್ತಿಗೆ ಒಂದೇ ಬಣ್ಣ. ಮೂಗು ಮಾತ್ರ ನಾನು ನೋಡೇ ಇರದ ಮೂಗು.

ಪುಟ್ಟ ಮಾಡ್ ಮುಟ್ಟುವ ಉಳಿದ ಜೊತೆಗಾರರಿಗೂ ಇದೇ ಗತಿ ಆಗಿತ್ತು. ಒಬ್ಬೊಬ್ಬರ ಗುರುತು ಹಿಡಿದು ಎರಡೆರಡು ಫೈಲ್ ಹೈಡ್ ಮಾಡುತ್ತಾ ಎರಡೂವರೆ ಆಯಿತು. ಮಲಗುವ ಮೊದಲು ದೊಡ್ಡ ಮಾಡ್‌ನ ನೋಟ್ಸ್ ಜಾಗದಲ್ಲಿ ಬರೆದಿಟ್ಟೆ: "ಜೊತೆಗಾರರ ತಲೆ ಇಲ್ಲಿ ಬಚ್ಚಿಟ್ಟಿದ್ದೇನೆ. ಇದನ್ನು ಅಪ್‌ಡೇಟ್ ಮಾಡಿದರೆ ಎಲ್ಲಾ ವಾಪಸ್ ಬರುತ್ತವೆ, ಮತ್ತೆ ಹೈಡ್ ಮಾಡು. ಲೂಟ್ ಮುಟ್ಟುವ ಮುಂಚೆ ಬ್ಯಾಕಪ್ ಒತ್ತು."