ಕೈಲ್‌ಪೊಳ್ದಿನಿಂದ ಹುತ್ತರಿವರೆಗೆ: ಕೊಡಗಿಗೆ ಹೊಸದಾಗಿ ಬಂದವರಿಗೆ

ಬ್ಯಾಂಕು, ಶಾಲೆ, ಆಸ್ಪತ್ರೆ, ಅರಣ್ಯ ಇಲಾಖೆ ಅಂತ ವರ್ಗವಾಗಿ ಕೊಡಗಿಗೆ ಬರುವ ಕುಟುಂಬಗಳು ಹೆಚ್ಚಾಗಿ ಬಂದಿಳಿಯುವುದೇ ಜೂನ್‌ನಲ್ಲಿ. ಸಾಮಾನು ಇಳಿಸುವಾಗಲೇ ಮಳೆ ಹಿಡಿದಿರುತ್ತದೆ. ಮೂರು ತಿಂಗಳು ಕಿಟಕಿ ತೆರೆಯುವ ಹಾಗಿಲ್ಲ, ಬಟ್ಟೆ ಒಣಗುವುದಿಲ್ಲ, ಪಕ್ಕದ ಮನೆಯವರ ಮುಖ ಕೂಡ ಸರಿಯಾಗಿ ಕಂಡಿರುವುದಿಲ್ಲ. ನಿಜವಾಗಿ ಸಂಸಾರ ಹೂಡುವುದು ಸೆಪ್ಟೆಂಬರ್‌ನಿಂದ. ನಾನು ಹಿರಿಯೂರು ಕಡೆಯವಳು, ರಾಜ್ಯದಲ್ಲೇ ಮಳೆ ಕಡಿಮೆ ಇರುವ ಊರುಗಳಲ್ಲಿ ಅದೂ ಒಂದು. ಮಡಿಕೇರಿಗೆ ಬಂದು ಇಲ್ಲಿಯವರೇ ಆಗಿಹೋದೆವು. ಹೊಸಬರು ನಮ್ಮ ಮನೆಗೆ ಬಂದಾಗ ಕೇಳುವುದು ಅವೇ ಪ್ರಶ್ನೆ: ಹಬ್ಬಕ್ಕೆ ಏನು ಮಾಡಬೇಕು, ಕೇಕ್ ಯಾಕೆ ಕುಸಿಯುತ್ತೆ, ಮಕ್ಕಳನ್ನು ಸಂಜೆ ಹೇಗೆ ಸುಧಾರಿಸೋದು. ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಹಬ್ಬದ ಲೆಕ್ಕ. ಊರಿನಿಂದ ತಂದ ಲೆಕ್ಕ ಇಲ್ಲಿ ಹಾಗೇ ನಡೆಯುವುದಿಲ್ಲ. ನಮಗೆ ದಸರಾ, ದೀಪಾವಳಿ ದೊಡ್ಡವು. ಕೊಡವರ ಮನೆಗಳಲ್ಲಿ, ಅರೆಭಾಷೆ ಗೌಡರ ಮನೆಗಳಲ್ಲಿ ದೊಡ್ಡ ಹಬ್ಬ ಅಂದರೆ ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಹುತ್ತರಿ. ಮೂರೂ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ಬರುತ್ತವೆ. ದೀಪಾವಳಿಗೆ ಪೇಟೆಯಲ್ಲಿ ಅಂಗಡಿ ಪೂಜೆ, ಬೆಳಕು ಎಲ್ಲ ಇರುತ್ತದೆ. ಆದರೆ ತೋಟದ ನಡುವಿನ ಎಷ್ಟೋ ಮನೆಗಳಲ್ಲಿ ಅವತ್ತು ಅಷ್ಟೇನೂ ಗದ್ದಲವಿಲ್ಲ. ಅಯ್ಯೋ, ಇವರ ಮನೇಲಿ ಏನಾದರೂ ಆಗಿದೆಯಾ ಅಂತ ಗಾಬರಿಯಾಗಬೇಡಿ. ಅವರ ಸಂಭ್ರಮದ ದಿನ ಬೇರೆ, ಅಷ್ಟೆ. ಮನೆ ಕೆಲಸ, ಅಡುಗೆ, ನೆಂಟರನ್ನು ಕರೆಯುವುದು ಎಲ್ಲವನ್ನೂ ಈ ಮೂರು ಹಬ್ಬ ನೋಡಿಕೊಂಡು ಹೊಂದಿಸಿದರೆ ಅರ್ಧ ತಲೆನೋವು ಕಡಿಮೆ.

ಕೈಲ್‌ಪೊಳ್ದ್ ಹೆಚ್ಚಿನ ಕಡೆ ಸೆಪ್ಟೆಂಬರ್ 3ಕ್ಕೆ. ಕೆಲವು ನಾಡುಗಳಲ್ಲಿ ಬೇರೆ ದಿನ. ಗದ್ದೆಯಲ್ಲಿ ನಾಟಿ ಮುಗಿದ ಮೇಲೆ ಬರುವ ಹಬ್ಬ ಇದು. ಬಂದೂಕು, ಕತ್ತಿ, ನೇಗಿಲು ಎಲ್ಲ ತೊಳೆದು ಇಟ್ಟು ಪೂಜೆ ಮಾಡುತ್ತಾರೆ. ಬಂದೂಕಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಕೆಂಪು, ಹಳದಿ ಬೆರೆತ, ದಳಗಳು ಮೇಲಕ್ಕೆ ತಿರುಗಿ ನಿಂತ ಬಳ್ಳಿ ಹೂವು. ನಮ್ಮ ಕಡೆ ಅಗ್ನಿಶಿಖೆ ಅನ್ನುತ್ತಾರಲ್ಲ, ಅದೇ. ಬೇಲಿಯಲ್ಲಿ ಅಷ್ಟು ಚೆಂದ ಕಾಣುತ್ತದೆ, ಮಕ್ಕಳು ಕಿತ್ತು ತಂದೇ ತರುತ್ತಾರೆ. ಗಿಡ ಪೂರ್ತಿ ವಿಷ, ಗಡ್ಡೆಯಂತೂ ಜಾಸ್ತಿ ವಿಷ. ಹೂದಾನಿಯಲ್ಲಿ ಇಡಿ, ಕೈ ತೊಳೆಸಿ, ಚಿಕ್ಕ ಮಗು ಇದ್ದರೆ ಮನೆಯೊಳಗೇ ತರಬೇಡಿ.

ಅವತ್ತು ಮಧ್ಯಾಹ್ನದ ಮೇಲೆ ಗುಂಡಿನ ಸದ್ದು ಕೇಳಿದರೆ ಬೆಚ್ಚಬೇಡಿ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತಿರುತ್ತದೆ. ಊಟಕ್ಕೆ ಕರೆದರೆ ಕಡಂಬುಟ್ಟು, ಪಂದಿ ಕರಿ, ಅಂದರೆ ಅಕ್ಕಿತರಿಯ ಉಂಡೆ, ಹಂದಿ ಮಾಂಸದ ಅಡುಗೆ. ಮಾಂಸ ತಿನ್ನದವರು ಮುಂಚೆಯೇ ಹೇಳಿಬಿಡಿ, "ಅಕ್ಕಾ, ನಾವು ಸಸ್ಯಾಹಾರಿಗಳು, ಕಡಂಬುಟ್ಟಿಗೆ ತರಕಾರಿ ಪಲ್ಯ ಸಾಕು" ಅಂತ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರಾಗುವುದು ಹೋಗಿ ತಟ್ಟೆ ಮುಂದೆ ಮುಖ ಸಿಂಡರಿಸಿದರೆ. ಮದ್ಯದ ಲೋಟ ಮುಂದಿಟ್ಟರೂ ಅಷ್ಟೆ, ಬೇಡ ಅಂದರೆ ಕಾಫಿ ಬರುತ್ತದೆ. ಕಡಂಬುಟ್ಟು ಮನೆಯಲ್ಲೂ ಮಾಡಬಹುದು. ಒಂದು ಲೋಟ ಅಕ್ಕಿತರಿಗೆ ಎರಡೂವರೆ ಲೋಟ ನೀರು, ಉಪ್ಪು, ಬೇಕಿದ್ದರೆ ಸ್ವಲ್ಪ ತುಪ್ಪ, ಏಲಕ್ಕಿ. ಉಪ್ಪಿಟ್ಟಿನ ಥರ ಕೆದಕಿ ಗಟ್ಟಿ ಮಾಡಿ, ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸುವುದು. ಆರಿದ ಮೇಲೆ ಉಂಡೆ ಕಟ್ಟಲು ಹೋದರೆ ಒಡೆಯುತ್ತದೆ.

ಈಗ ಓವನ್ ವಿಷಯ. ಹೊಸಬರಲ್ಲಿ ಜಾಸ್ತಿ ಜನ ಗೊಣಗುವುದು ಇದರ ಬಗ್ಗೆಯೇ. ಬೆಂಗಳೂರಿನಲ್ಲಿ ಚೆನ್ನಾಗಿ ಬರುತ್ತಿದ್ದ ಕೇಕ್ ಇಲ್ಲಿ ಚೆಂದಕ್ಕೆ ಉಬ್ಬಿ, ತೆಗೆಯುವ ಹೊತ್ತಿಗೆ ನಡುವೆ ಗುಂಡಿ ಬಿದ್ದಿರುತ್ತದೆ. ಮಡಿಕೇರಿ ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಹಿಟ್ಟಿನೊಳಗಿನ ಗಾಳಿಗುಳ್ಳೆಗಳು ಬೇಗ ಹಿಗ್ಗುತ್ತವೆ. ಬೆಂಗಳೂರೂ ಎತ್ತರದ ಊರೇ, ಆದರೆ ಅಲ್ಲಿ ಈ ತೇವ ಇಲ್ಲ. ಇಲ್ಲಿನ ಮೈದಾ, ಸಕ್ಕರೆ ಎರಡೂ ಗಾಳಿಯಿಂದ ನೀರು ಹೀರಿಕೊಂಡಿರುತ್ತವೆ. ಹಾಗಾಗಿ ಒಂದು ಚಮಚ ಬೇಕಿಂಗ್ ಪೌಡರ್ ಅಂತ ಇದ್ದರೆ ದೊಡ್ಡ ಚಿಟಿಕೆಯಷ್ಟು ತೆಗೆದುಬಿಡಿ. ಹಾಲನ್ನು ಒಂದೇ ಸಲ ಸುರಿಯಬೇಡಿ, ಹಿಟ್ಟಿನ ಹದ ನೋಡಿಕೊಂಡು ಹಾಕಿ. ಮೈದಾವನ್ನು ಜರಡಿ ಹಿಡಿಯುವ ಮೊದಲು ಬಾಣಲೆಯಲ್ಲಿ ಸುಮ್ನೆ ಬೆಚ್ಚಗೆ ಮಾಡಿದರೂ ಸಾಕು, ಬಣ್ಣ ತಿರುಗಬಾರದು. ಕುಶಾಲನಗರದವರಿಗೆ ಇಷ್ಟೆಲ್ಲ ರಗಳೆ ಇಲ್ಲ. ಅದು ತಗ್ಗಿನಲ್ಲಿದೆ, ಮಳೆಯೂ ಕಡಿಮೆ.

ಜೂನ್‌ನಲ್ಲಿ ತೆರೆದ ಬೇಕಿಂಗ್ ಪೌಡರ್ ಡಬ್ಬಿ ಸೆಪ್ಟೆಂಬರ್‌ಗೆ ಸತ್ತುಹೋಗಿರುತ್ತದೆ. ಅರ್ಧ ಚಮಚ ಬಿಸಿನೀರಿಗೆ ಹಾಕಿ, ಬುಸುಬುಸು ಅನ್ನದಿದ್ದರೆ ಬಿಸಾಡಿ. ಬ್ರೆಡ್ಡು, ಬನ್ನು ಮಾಡುವವರಿಗೆ ತೊಂದರೆ ಉಲ್ಟಾ. ಈ ಚಳಿಗೆ ಈಸ್ಟ್ ಏಳುವುದೇ ಇಲ್ಲ. ಗಂಟೆ ನೋಡಬೇಡಿ, ಹಿಟ್ಟು ನೋಡಿ. ಸೌದೆ ಉರಿಸುವ ಬಚ್ಚಲ ಒಲೆ ಇದ್ದರೆ ಅದರ ಪಕ್ಕ ಒಂದು ಮೊಳ ದೂರದಲ್ಲಿ ಪಾತ್ರೆ ಇಟ್ಟು ಒದ್ದೆ ಬಟ್ಟೆ ಮುಚ್ಚಿ. ಇಲ್ಲವಾದರೆ ಆರಿಸಿದ ಓವನ್ ಒಳಗೆ ಒಂದು ಬಟ್ಟಲು ಬಿಸಿನೀರಿನ ಜೊತೆ ಇಡಿ.

ಕರೆಂಟಿನದು ಬೇರೆ ಕಥೆ. ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತೋ ಹೇಳಲಾಗುವುದಿಲ್ಲ. ಓಟಿಜಿ, ಅಂದರೆ ಕರೆಂಟಿನ ಓವನ್, ಹೆಚ್ಚಾಗಿ ಸಾವಿರದ ಇನ್ನೂರು ವಾಟ್‌ಗಿಂತ ಜಾಸ್ತಿ ಎಳೆಯುತ್ತದೆ, ಮನೆಯ ಇನ್ವರ್ಟರ್‌ಗೆ ಅದು ತಡೆಯುವುದಿಲ್ಲ. ಅರ್ಧ ಬೆಂದ ಕೇಕನ್ನು ಉಳಿಸಬೇಕಾದರೆ ಗ್ಯಾಸ್ ಮೇಲೆ ದಪ್ಪ ತಳದ ಪಾತ್ರೆ, ತಳಕ್ಕೆ ಎರಡು ಬೆರಳು ಉಪ್ಪು, ಮೇಲೊಂದು ಸ್ಟ್ಯಾಂಡು, ಬಿಗಿ ಮುಚ್ಚಳ, ಸಣ್ಣ ಉರಿ. ನಾನಂತೂ ಈಗ ಮೊದಲಿನಿಂದಲೇ ಹೀಗೆ ಬೇಯಿಸುವುದು.

ಏನು ಮಾಡೋದು ಅಂದರೆ, ಪುಟ್ಟಬಾಳೆ ಕೇಕ್. ಪಕ್ಕದ ತೋಟದಿಂದ ಗೊನೆಗೆ ಗೊನೆಯೇ ಬರುತ್ತದೆ, ತಿಂದು ಮುಗಿಯುವುದಿಲ್ಲ. ಬೆಲ್ಲ, ಕುಟ್ಟಿದ ಏಲಕ್ಕಿ, ಒಂದು ಚಮಚ ಗಟ್ಟಿ ಡಿಕಾಕ್ಷನ್ ಹಾಕಿ. ನವೆಂಬರ್ ಹೊತ್ತಿಗೆ ಕೊಡಗಿನ ಕಿತ್ತಳೆ ಶುರುವಾಗುತ್ತದೆ. ಮರಗಳು ಹಿಂದಿನಷ್ಟಿಲ್ಲ, ಸಿಕ್ಕಾಗ ಬಿಡಬೇಡಿ. ಸಿಪ್ಪೆಯ ಮೇಲ್ಪದರ ತುರಿದು ಹಾಕಿದರೆ ಎಸೆನ್ಸೇ ಬೇಡ. ಪಂದಿ ಕರಿಗೆ ಪ್ರತಿಯಾಗಿ ನಾವು ಏನು ಕೊಡೋಣ ಅಂತ ಕೇಳುವ ಸಸ್ಯಾಹಾರಿಗಳಿಗೆ ಉತ್ತರ ಈ ಕೇಕ್. ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಡಿ. ಡಬ್ಬಿ ಖಾಲಿ ವಾಪಸ್ ಬರುವುದಿಲ್ಲ. ಒಂದು ಸಲ ಕರಿಮೆಣಸು, ಒಂದು ಸಲ ಗಜನಿಂಬೆ, ಹೀಗೆ ಏನಾದರೊಂದು ಇರುತ್ತದೆ. ಮೊಟ್ಟೆ ಹಾಕಿದ್ದೋ ಇಲ್ಲವೋ ಅಂತ ಮಾತ್ರ ಹೇಳಿ ಕೊಡಿ, ಕೇರಿಯಲ್ಲಿ ಎಲ್ಲ ಥರದವರೂ ಇದ್ದಾರೆ.

ಕ್ರಿಸ್‌ಮಸ್ ಕೇಕ್ ಕಲಿಯುವ ಆಸೆ ಇದ್ದರೆ ಅಕ್ಟೋಬರ್‌ನಲ್ಲೇ ದ್ರಾಕ್ಷಿ, ಗೋಡಂಬಿ, ಖರ್ಜೂರ ನೆನೆಹಾಕಬೇಕು. ರಮ್ ಬೇಡದವರು ದ್ರಾಕ್ಷಿ ರಸದಲ್ಲಿ ನೆನೆಸಿ ಫ್ರಿಜ್‌ನಲ್ಲಿಡಿ, ಆದರೆ ಅದು ತಿಂಗಳುಗಟ್ಟಲೆ ತಡೆಯುವುದಿಲ್ಲ, ಡಿಸೆಂಬರ್‌ನಲ್ಲೇ ನೆನೆಸಿ. ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚ್ 1792ರದ್ದು, ಅಷ್ಟು ಹಿಂದಿನಿಂದ ಇಲ್ಲಿ ಕ್ರೈಸ್ತ ಮನೆಗಳಿವೆ. ಆ ಮನೆಗಳ ಅಜ್ಜಿಯಂದಿರ ಹತ್ತಿರ ಕೇಳಿ, ಯಾವ ವಿಡಿಯೋಕ್ಕಿಂತ ಚೆನ್ನಾಗಿ ಹೇಳಿಕೊಡುತ್ತಾರೆ.

ದಸರಾ ಹೊತ್ತಿಗೆ ಬಿಸಿಲು ಬಂದ ಮೊದಲ ದಿನವೇ ಬೀರು ಖಾಲಿ ಮಾಡಿ. ರೇಷ್ಮೆ ಸೀರೆ, ಚರ್ಮದ ಚಪ್ಪಲಿ, ಗೊಂಬೆ ಪೆಟ್ಟಿಗೆ ಎಲ್ಲದಕ್ಕೂ ಬೂಷ್ಟು ಹಿಡಿದಿರುತ್ತದೆ. ರೇಷ್ಮೆಯನ್ನು ನೆರಳಿನಲ್ಲೇ ಹರಡಿ. ಗೊಂಬೆ ಕೂರಿಸುವ ಮೈಸೂರು ಕಡೆಯವರು ಮಣ್ಣಿನ ಗೊಂಬೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಣ್ಣ ಎದ್ದುಬರುತ್ತದೆ, ಒಣ ಬ್ರಷ್ ಸಾಕು.

ಮಡಿಕೇರಿ ದಸರಾ ಮೈಸೂರಿನಂತಲ್ಲ, ಇಲ್ಲಿ ಆನೆ ಅಂಬಾರಿ ಇಲ್ಲ, ರಾತ್ರಿಯೇ ಎಲ್ಲ. ನಾಲ್ಕು ಶಕ್ತಿದೇವತೆಗಳ ಕರಗ ಪಂಪಿನಕೆರೆಯಿಂದ ಹೊರಟು ನವರಾತ್ರಿ ಪೂರ್ತಿ ಬೀದಿಬೀದಿಗೆ ಬರುತ್ತವೆ. ನಿಮ್ಮ ಬೀದಿಗೆ ಬರುವ ದಿನ ಕೇಳಿಟ್ಟುಕೊಂಡು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಣ್ಣುಕಾಯಿ ತಟ್ಟೆ ಸಿದ್ಧ ಮಾಡಿ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಮಂಟಪ ಹೊರಡುತ್ತವೆ. ದೀಪ, ಹೊಗೆ, ಅಲುಗಾಡುವ ಮೂರ್ತಿಗಳು, ಕಿವಿ ಗುಂಯ್ ಅನ್ನುವ ಸದ್ದು, ಪುರಾಣದ ಒಂದೊಂದು ಕಥೆ. ಬೆಳಗಿನ ಜಾವದವರೆಗೂ ನಡೆಯುತ್ತದೆ. ಮಕ್ಕಳನ್ನು ಮಧ್ಯಾಹ್ನವೇ ಮಲಗಿಸಿ, ಸ್ವೆಟರ್, ಟೋಪಿ ಮರೆಯಬೇಡಿ, ಬಂಡಿಯನ್ನು ಊರ ಹೊರಗೇ ಬಿಡಿ. ಬರುವ ನೆಂಟರಿಗೆ ನಿಮ್ಮ ಮನೆಯಲ್ಲೇ ಹಾಸಿಗೆ ಹಾಸಿ, ಅವತ್ತು ಲಾಡ್ಜ್ ಸಿಗುವುದು ಕನಸು. ಅಷ್ಟು ಗದ್ದಲ ಬೇಡ ಅನ್ನುವವರಿಗೆ ಗೋಣಿಕೊಪ್ಪಲಿನಲ್ಲೂ ದಸರಾ ಇದೆ.

ಅಕ್ಟೋಬರ್ 17ರ ಆಸುಪಾಸು ತುಲಾ ಸಂಕ್ರಮಣ, ಅದೇ ಕಾವೇರಿ ಸಂಕ್ರಮಣ. ತಲಕಾವೇರಿಯಲ್ಲಿ ತೀರ್ಥೋದ್ಭವದ ಮುಹೂರ್ತ ಒಂದೊಂದು ವರ್ಷ ಒಂದೊಂದು ಹೊತ್ತಿಗೆ, ಕೆಲವೊಮ್ಮೆ ನಡುರಾತ್ರಿ. ಹೋಗುವವರು ಬೆಚ್ಚಗೆ ಹೋಗಿ, ಗುಡ್ಡದ ಮೇಲೆ ಗಾಳಿ ಕೊರೆಯುತ್ತದೆ. ಹೋಗದವರ ಮನೆಗೂ ತೀರ್ಥ ಬರುತ್ತದೆ, ಯಾರಾದರೂ ಬಾಟಲಿಯಲ್ಲಿ ತಂದು ಹಂಚುತ್ತಾರೆ. ಕೊಡವರ ಮನೆಗಳಲ್ಲಿ ಕಣಿ ಪೂಜೆ ಇರುತ್ತದೆ. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಆಭರಣ ತೊಡಿಸಿ, ವೀಳ್ಯದೆಲೆ, ಬಳೆ ಇಟ್ಟು ಕಾವೇರಮ್ಮ ಅಂತ ಪೂಜಿಸುತ್ತಾರೆ. ಅಡುಗೆ ದೋಸೆ, ಕುಂಬಳಕಾಯಿ ಕರಿ. ಸಸ್ಯಾಹಾರಿಗಳು ಮೊದಲ ಸಲ ಊಟಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ದಿನ ಇಲ್ಲ.

ದೀಪಾವಳಿಗೆ ಗೂಡುದೀಪ ಮಾಡುವ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಬಣ್ಣದ ತೆಳು ಕಾಗದ ಇಲ್ಲಿನ ಮಂಜಿಗೆ ಒಂದೇ ರಾತ್ರಿಯಲ್ಲಿ ಜೋತುಬೀಳುತ್ತದೆ. ಬಿದಿರ ಕಡ್ಡಿಯ ಚೌಕಟ್ಟಿಗೆ ಹಳೇ ಕಾಟನ್ ಸೀರೆ ತುಂಡು ಅಂಟಿಸಿ. ಮೈದಾ ಅಂಟು ಎರಡು ದಿನಕ್ಕೆ ಬೂಷ್ಟು ಬರುತ್ತದೆ. ಹಿಂದೆ ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು, ಮಕ್ಕಳ ಕೈಯಲ್ಲಿ ಆ ವಿಷ ಬೇಡ, ಬೇಕಾದಷ್ಟೇ ಅಂಟು ಕುದಿಸಿಕೊಳ್ಳಿ. ತೋರಣಕ್ಕೆ ತೋಟದ ಸಿಲ್ವರ್ ಓಕ್ ಎಲೆ ಬಹಳ ಚೆನ್ನ. ಒಂದು ಬದಿ ಹಸಿರು, ಇನ್ನೊಂದು ಬದಿ ಬೆಳ್ಳಿ. ಕೆಳಗೆ ಬಿದ್ದದ್ದನ್ನು ಆರಿಸಿ, ಅದೂ ತೋಟದವರನ್ನು ಕೇಳಿ. ಇಂಬಳ ಇನ್ನೂ ಇರುತ್ತದೆ, ಕಾಲಿಗೆ ಸಾಕ್ಸ್, ಜೇಬಲ್ಲಿ ಒಂದು ಹಿಡಿ ಉಪ್ಪು.

ಸಿನಿಮಾ ಬಗ್ಗೆ ಹೇಳಲು ಜಾಸ್ತಿ ಇಲ್ಲ. ದೊಡ್ಡ ಮಲ್ಟಿಪ್ಲೆಕ್ಸ್ ಬೇಕಾದರೆ ಮೈಸೂರಿಗೆ ಹೋಗಬೇಕು, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಮನೆಯಲ್ಲೇ ನೋಡುವುದು ವಾಸಿ. ನೆಟ್‌ವರ್ಕ್ ಇದ್ದಾಗ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಶನಿವಾರ ಸಂಜೆ ಮಳೆ ಬಂದಾಗ ಹುಡುಕಿದರೆ ಸುತ್ತುವ ಚಕ್ರ ಮಾತ್ರ ಕಾಣುತ್ತದೆ. ಕೇರಿಯ ಮಕ್ಕಳನ್ನೆಲ್ಲ ಕೂರಿಸಿ ಒಂದು ಸಿನಿಮಾ ಹಾಕಿ ನೋಡಿ, ಅವರ ಅಮ್ಮಂದಿರ ಪರಿಚಯ ತಾನಾಗಿ ಆಗುತ್ತದೆ. ಮಂಡಕ್ಕಿ ಇಲ್ಲಿ ಡಬ್ಬಿಯಲ್ಲೇ ಮೆತ್ತಗಾಗುತ್ತದೆ. ಒಗ್ಗರಣೆಗೆ ಮುಂಚೆ ಒಣ ಬಾಣಲೆಯಲ್ಲಿ ಹುರಿದು ಗರಿಗರಿ ಮಾಡಿಕೊಳ್ಳಿ. ಸೂಜಿ ಮೆಣಸು ಹಾಕುವುದಾದರೆ ಎರಡೇ ಎರಡು, ಊರಿನ ಮೆಣಸಿನಕಾಯಿ ಲೆಕ್ಕ ಅದಕ್ಕೆ ಬೇಡ.

ಕೊನೆಯದು ಹುತ್ತರಿ, ಹೊಸ ಬತ್ತದ ಕದಿರು ಮನೆಗೆ ತರುವ ಹಬ್ಬ, ನವೆಂಬರ್ ಕೊನೆಗೋ ಡಿಸೆಂಬರ್‌ಗೋ, ಹುಣ್ಣಿಮೆ ಹೊತ್ತಿಗೆ. ದಿನ, ಗಳಿಗೆ ಎರಡನ್ನೂ ಕಕ್ಕಬ್ಬೆ ಹತ್ತಿರದ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿ ಮಾಡುತ್ತಾರೆ. ನೆರೆ (ಎಲೆಗಳ ಕಟ್ಟು) ಕಟ್ಟಲು ಇಷ್ಟು ಗಂಟೆ, ಕದಿರು ತೆಗೆಯಲು ಇಷ್ಟು, ಊಟಕ್ಕೆ ಇಷ್ಟು ಅಂತ ನಿಮಿಷದ ಲೆಕ್ಕದಲ್ಲಿ ಪತ್ರಿಕೆಯಲ್ಲಿ ಬರುತ್ತದೆ. ಕರೆದರೆ ತಪ್ಪಿಸಬೇಡಿ, ತಡವಾಗಿಯೂ ಹೋಗಬೇಡಿ. ರಾತ್ರಿ ಗದ್ದೆಗೆ ಇಳಿಯುವುದಿರುತ್ತದೆ, ಸೀರೆಯವರು ಸ್ವಲ್ಪ ಎತ್ತಿ ಉಡಿ, ಟಾರ್ಚ್ ಹಿಡಿಯಿರಿ. ಗುಂಡು ಹಾರಿಸಿ ಕದಿರು ಕೊಯ್ಯುತ್ತಾರೆ, "ಪೊಲಿ ಪೊಲಿ ದೇವಾ" ಅಂತ ಎಲ್ಲರೂ ಕೂಗುತ್ತಾರೆ, ನೀವೂ ಕೂಗಿ. ಕೊಯ್ದ ಕದಿರು ಮನೆಗೆ ಬಂದ ಮೇಲೆ ಬಾಳೆಹಣ್ಣು ಕಿವುಚಿ ಹುರಿದ ಅಕ್ಕಿಹಿಟ್ಟು ಕಲಸಿದ ತಂಬಿಟ್ಟು, ಪಾಯಸ, ಹುತ್ತರಿ ಗೆಣಸು. ದೀಪಾವಳಿಗಿಂತ ಪಟಾಕಿ ಅವತ್ತೇ ಜಾಸ್ತಿ. ಮಕ್ಕಳ ಪಟಾಕಿಯಲ್ಲಿ ಅರ್ಧ ಉಳಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ, ನಾಯಿ ಇದ್ದರೆ ಅವತ್ತು ಒಳಗೇ ಇರಲಿ.

ಹುತ್ತರಿ ಕಳೆದರೆ ಕಾಫಿ ಕೊಯ್ಲು ಬಿರುಸಾಗುತ್ತದೆ. ಮೊದಲು ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ. ತೋಟದ ಮನೆಯವರು ಆಳು, ಕಣ, ಮೋಡ ಅಂತ ಓಡಾಡುತ್ತಿರುತ್ತಾರೆ, ನಿಂತು ಮಾತಾಡಲೂ ಪುರುಸೊತ್ತಿಲ್ಲ. ನಿಮ್ಮ ಮನೆಗೆ ಊಟಕ್ಕೆ ಕರೆಯುವುದಿದ್ದರೆ, ಅವರಿಂದ ತಂದ ದೊಡ್ಡ ಪಾತ್ರೆ ಹಿಂದಿರುಗಿಸುವುದಿದ್ದರೆ, ಅದಕ್ಕೆ ಮುಂಚೆ ಮುಗಿಸಿಕೊಳ್ಳಿ. ಆಮೇಲೆ ಅವರು ಕೈಗೆ ಸಿಗುವುದು ಮಾರ್ಚ್‌ನಲ್ಲೇ.