ಕುಸಿದ ಕಾಂಕ್ರೀಟ್ ಕಾಲುದಾರಿಯನ್ನು ಒಡೆಯದೆ ಎತ್ತಿದ್ದು: ನನ್ನ ಅನುಭವ

ಮನೆ ಸುತ್ತಲಿನ ಕಾಂಕ್ರೀಟ್ ಕಾಲುದಾರಿ ಕುಸಿದರೆ ಒಡೆದು ಹೊಸದು ಹಾಕಬೇಕು, ಬೇರೆ ದಾರಿಯೇ ಇಲ್ಲ ಅಂತ ನಮ್ಮ ಕೆಲಸದವರಲ್ಲಿ ಹೆಚ್ಚಿನವರು ಈಗಲೂ ನಂಬಿದ್ದಾರೆ. ಜ್ಯಾಕ್ ಕೊಟ್ಟು ಚಪ್ಪಡಿ ಎತ್ತಿ, ಅಡಿಗೆ ತೆಳು ಮಾಲು (ಜಲ್ಲಿಪುಡಿ, ಸಿಮೆಂಟ್, ನೀರು ಸೇರಿಸಿದ ಕಲಸು) ಬಿಡುತ್ತೇನೆ ಅಂದಾಗ "ಒಂದು ಮಳೆಗಾಲ ಕಳೆಯಲಿ, ಮತ್ತೆ ಕೂತುಬಿಡುತ್ತೆ ನೋಡು" ಅಂದವರೇ ಜಾಸ್ತಿ. ಮೊದಮೊದಲು ಎತ್ತಿದ ದಾರಿಗಳು ಈಗ ಕೆಲವು ಮಳೆಗಾಲ ದಾಟಿವೆ. ದಾರ ಕಟ್ಟಿ ನೋಡಿದರೆ 3 ಮಿ.ಮೀ. ಇಳಿದಿದ್ದರೆ ಹೆಚ್ಚು. ಅದಕ್ಕೇ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಷ್ಟು ವರ್ಷ ನಾನು ಒಡೆದು ಬಿಸಾಕಿದ ಚಪ್ಪಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗಟ್ಟಿಮುಟ್ಟಾಗಿಯೇ ಇದ್ದವು. ಸುತ್ತಿಗೆ ಹೊಡೆದರೆ ಪುಟಿಯುತ್ತಿತ್ತು. ಕೆಟ್ಟಿದ್ದು ಅಡಿಯ ಮಣ್ಣು. ಪಾಯ ತೋಡಿದ ಜಾಗಕ್ಕೆ ಸಡಿಲ ಮಣ್ಣು ತುಂಬಿ, ಎರಡು ಬಕೆಟ್ ನೀರು ಬಿಟ್ಟು, "ಕೂತಿದೆ" ಅಂತ ಬಿಟ್ಟಿರುತ್ತಾರೆ. ಅದರ ಮೇಲೇ ದಾರಿ ಹಾಯುತ್ತದೆ. ಪಕ್ಕದಲ್ಲೇ ತಾರಸಿ ನೀರಿನ ಪೈಪು ಬಾಯಿ ಬಿಟ್ಟಿರುತ್ತದೆ. ಇನ್ನೇನಾಗಬೇಕು? ಮಣ್ಣು ಕೊಚ್ಚಿಹೋಗಿ ಚಪ್ಪಡಿಯ ಒಂದು ಅಂಚು ಎರಡು ಇಂಚು ಇಳಿಯುತ್ತದೆ. ಅಮೆರಿಕದ ಬೆಲ್‌ಫೌಂಟನ್ ಊರಿನಲ್ಲಿ 1890ರ ದಶಕದಲ್ಲಿ ಹಾಕಿದ ಕಾಂಕ್ರೀಟ್ ರಸ್ತೆಯ ಒಂದು ಭಾಗ ಇವತ್ತಿಗೂ ಉಳಿದಿದೆ. ಗಟ್ಟಿ ಚಪ್ಪಡಿಯನ್ನು "ಹಳೇದಾಯ್ತು" ಅಂತ ಒಡೆಯೋದು ನನಗೆ ಈಗ ಒಪ್ಪಿಗೆಯಾಗುವುದಿಲ್ಲ.

ಲೆಕ್ಕ ನೋಡಿ. ನಾಲ್ಕಡಿ ಚೌಕ, ನಾಲ್ಕಿಂಚು ದಪ್ಪದ ಚಪ್ಪಡಿ ಅಂದರೆ ಸುಮಾರು 350 ಕೆಜಿ. ಅದನ್ನು ಒಡೆಯಬೇಕು, ಹೊರಬೇಕು, ಗಾಡಿಗೆ ತುಂಬಿ ಎಲ್ಲೋ ಸುರಿದು ಬರಬೇಕು. ಆಮೇಲೆ ಅಷ್ಟೇ ತೂಕದ ಹೊಸ ಮಾಲನ್ನು ಒಳಗೆ ತರಬೇಕು. ಹೊಸ ಚಪ್ಪಡಿಗೆ ಹೆಚ್ಚೂಕಡಿಮೆ ಒಂದು ಚೀಲ ಸಿಮೆಂಟ್ ಹೋಗುತ್ತದೆ. ಎತ್ತಿ ಕೂರಿಸಿದರೆ ಅದೇ ಚೀಲದಲ್ಲಿ ನಾಲ್ಕೈದು ಚಪ್ಪಡಿ ಮುಗಿಯುತ್ತವೆ.

ಎತ್ತುವ ಮೊದಲು ನಾನು ಕಂಬಿಯ ತುಂಡು ಹಿಡಿದು ದಾರಿಯುದ್ದಕ್ಕೂ ಕುಟ್ಟಿಕೊಂಡು ಹೋಗುತ್ತೇನೆ. ಅಡಿಯಲ್ಲಿ ಮಣ್ಣು ಕಚ್ಚಿಕೊಂಡಿದ್ದರೆ ಸದ್ದು ಬಿಗಿಯಾಗಿ ಬರುತ್ತದೆ. ಟೊಳ್ಳಿದ್ದರೆ ಡಬ್ ಡಬ್ ಅನ್ನುತ್ತದೆ. ಸದ್ದು ಬದಲಾಗುವ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇನೆ. ಎಲ್ಲ ಗೆರೆ ಸೇರಿಸಿ ನೋಡಿದರೆ ನೀರು ಯಾವ ಕಡೆಯಿಂದ ಬಂದು ಯಾವ ಕಡೆ ಹೋಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಆ ನೀರನ್ನು ಮೊದಲು ತಿರುಗಿಸಬೇಕು. ಪೈಪನ್ನು ದಾರಿಯಿಂದ ಐದಾರು ಅಡಿ ಆಚೆ ಒಯ್ಯಬೇಕು, ಇಲ್ಲ ಚರಂಡಿಗೆ ಸೇರಿಸಬೇಕು. ಇದಕ್ಕೆ ಒಪ್ಪದ ಮಾಲೀಕರ ಕೆಲಸ ನಾನು ಹಿಡಿಯುವುದಿಲ್ಲ. "ಮತ್ತೆ ಕೂರುತ್ತೆ" ಅಂದವರ ಮಾತು ನಿಜವಾಗುವುದು ಇಲ್ಲೇ. ಅವರು ನೋಡಿದ ಎತ್ತಿದ ಚಪ್ಪಡಿಗಳೆಲ್ಲ ನೀರು ತಿರುಗಿಸದೆ ಎತ್ತಿದವು.

ಶುರುವಿನಲ್ಲಿ ಬರೀ ಜ್ಯಾಕ್ ಇಟ್ಟು ಎತ್ತಿ, ಸಂದಿಗೆ ಜಲ್ಲಿಪುಡಿ ತುರುಕಿ ನೋಡಿದೆ. ಅಂಚು ತುಂಬಿತು, ನಡುವೆ ಟೊಳ್ಳು ಹಾಗೇ ಉಳಿಯಿತು. ಕೋಲು ಹಾಕಿ ಎಷ್ಟು ದೂಡಿದರೂ ಪುಡಿ ಒಂದಡಿಗಿಂತ ಒಳಗೆ ಹೋಗುವುದಿಲ್ಲ. ಹಾಗೆ ಮಾಡಿದ ಒಂದು ಚಪ್ಪಡಿ ನಡುವೆಯೇ ಸೀಳಿತು. ಅದನ್ನು ಹೊಸದಾಗಿ ಹಾಕಿಕೊಟ್ಟ ಖರ್ಚು ನನ್ನದೇ ಆಯಿತು. ಆ ಮನೆಯಲ್ಲಿ ನನಗೆ ಕೂಲಿಯೂ ಗಿಟ್ಟಲಿಲ್ಲ.

ಆಮೇಲೆ ಜ್ಯಾಕ್ ಬಿಟ್ಟು ಬರೀ ತೆಳು ಮಾಲಿನಿಂದಲೇ ಎತ್ತಲು ಆಗುತ್ತಾ ಅಂತ ನೋಡಿದೆ. ಪಂಪ್ ಇಟ್ಟವರು ಹಾಗೇ ಎತ್ತುತ್ತಾರೆ ಅಲ್ವಾ. ನನ್ನ ಹತ್ತಿರ ಪಂಪ್ ಇಲ್ಲ, ಅದರ ಬಾಡಿಗೆ ಸಣ್ಣ ಕೆಲಸಕ್ಕೆ ಹುಟ್ಟುವುದೂ ಇಲ್ಲ. ಆದರೆ ಲೆಕ್ಕ ಹಾಕಿದಾಗ ಪಂಪ್ ಬೇಡ ಅನ್ನಿಸಿತು. ನಾಲ್ಕಿಂಚು ಚಪ್ಪಡಿ ನೆಲದ ಮೇಲೆ ಒತ್ತುವುದು ಚದರ ಮೀಟರಿಗೆ 240 ಕೆಜಿ ಅಷ್ಟೇ. ಒಂದು ಮೀಟರ್ ಎತ್ತರದ ಪೈಪಿನಲ್ಲಿ ಮಾಲು ನಿಲ್ಲಿಸಿದರೆ ಅದು ಕೆಳಗೆ ಕೊಡುವ ಒತ್ತಡ ಅದರ ಏಳು ಪಟ್ಟು. ಚಪ್ಪಡಿಗೆ ತೂತು ಕೊರೆದು, ಪೈಪು ನಿಲ್ಲಿಸಿ, ಮೇಲೆ ಆಲಿಕೆ ಇಟ್ಟು ಸುರಿದೆ. ಲೆಕ್ಕದ ಪ್ರಕಾರ ಚಪ್ಪಡಿ ಏಳಬೇಕಿತ್ತು. ಮಾಲು ಸದ್ದಿಲ್ಲದೆ ಪಕ್ಕದ ಹೂವಿನ ಪಾತಿಗೆ ಹರಿಯಿತು. ಬದಿಗೆ ಮಣ್ಣು ಒತ್ತಿ ಮತ್ತೆ ಸುರಿದರೆ ಇನ್ನೊಂದು ಬದಿಯಿಂದ ಹೊರಟಿತು. ಮಾಲು ಗಟ್ಟಿ ಮಾಡಿದರೆ ಪೈಪಿನಲ್ಲೇ ಕಟ್ಟಿತು. ಎರಡು ಚೀಲ ಸಿಮೆಂಟ್ ನೆಲಕ್ಕೆ ಹೋಯಿತು. ಆದರೆ ಒಂದು ವಿಷಯ ಗೊತ್ತಾಯಿತು. ಪೈಪಿನ ಮಾಲು ಎತ್ತದಿದ್ದರೂ ಟೊಳ್ಳನ್ನು ಮೂಲೆ ಬಿಡದೆ ತುಂಬುತ್ತದೆ. ಮಾರನೇ ದಿನ ಕುಟ್ಟಿದರೆ ಎಲ್ಲೂ ಡಬ್ ಅನ್ನಲಿಲ್ಲ.

ಎರಡನ್ನೂ ಸೇರಿಸಿದ ಮೇಲೆ ಕೆಲಸ ಕೈಗೆ ಹತ್ತಿತು. ಜ್ಯಾಕ್ ಎತ್ತುತ್ತದೆ, ಮಾಲು ತುಂಬುತ್ತದೆ.

ಮೊದಲು ಕೀಲು ಬಿಡಿಸಬೇಕು. ಇದನ್ನು ಬಿಟ್ಟವರೇ ಮೂಲೆ ಒಡೆದುಕೊಳ್ಳುವುದು. ಎರಡು ಚಪ್ಪಡಿಯ ನಡುವಿನ ಸಂದಿಯಲ್ಲಿ ಮಣ್ಣು, ಜಲ್ಲಿ, ಹಳೆ ಗಾರೆ ಎಲ್ಲ ಕಚ್ಚಿಕೊಂಡಿರುತ್ತದೆ. ಕಟ್ಟರ್ ಹಾಕಿ ಪೂರ್ತಿ ದಪ್ಪಕ್ಕೆ ಸೀಳಿ, ನೀರು ಹೊಡೆದು ತೊಳೆಯಿರಿ. ಗರಗಸದ ಅಲಗು ಹಾಕಿದರೆ ಆ ಕಡೆ ಈ ಕಡೆ ಸಲೀಸಾಗಿ ಓಡಬೇಕು. ಇಳಿದ ಅಂಚಿನ ಪಕ್ಕ ಒಂದೂವರೆ ಅಡಿ ಗುಂಡಿ ತೆಗೆದು, ತಳಕ್ಕೆ ದಪ್ಪ ಹಲಗೆ ಹಾಕಿ ಜ್ಯಾಕ್ ಇಡಿ. ಜ್ಯಾಕಿನ ತಲೆ ನೇರವಾಗಿ ಕಾಂಕ್ರೀಟಿಗೆ ತಾಗಬಾರದು. ನಡುವೆ ಎರಡಡಿ ಉದ್ದದ ದಪ್ಪ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಕೊಟ್ಟು ಭಾರ ಹಂಚಿ. ಆಮೇಲೆ 2-3 ಮಿ.ಮೀ.ಯಂತೆ ಎತ್ತುತ್ತಾ ಹೋಗುವುದು. ಪ್ರತಿ ಸಲ ಕಲ್ಲಿನ ಚಕ್ಕೆ ಆಧಾರ ಕೊಡಬೇಕು. ಎಂಥಾ ಅವಸರವಿದ್ದರೂ ಚಪ್ಪಡಿ ಅಡಿಗೆ ಕೈ ಹಾಕಬೇಡಿ.

ಮಟ್ಟಕ್ಕೆ ಬಂದ ಮೇಲೆ ಬದಿಗಳಿಗೆ ಒದ್ದೆ ಜೇಡಿಮಣ್ಣು ಒತ್ತಿ ಮುಚ್ಚುತ್ತೇನೆ. ಅಂಚಿನಿಂದ ಒಂದಡಿ ಒಳಗೆ 40 ಮಿ.ಮೀ. ತೂತುಗಳು, ಚಪ್ಪಡಿಗೆ ಎರಡೋ ಮೂರೋ. ತಗ್ಗಿನ ತೂತಿಗೆ ಪೈಪು ನಿಲ್ಲಿಸಿ ಸುರಿಯುತ್ತೇನೆ. ಮುಂದಿನ ತೂತಿನಲ್ಲಿ ಮೊದಲು ಕೆಸರು ನೀರು ಉಕ್ಕುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಮಾಲು. ಮಾಲಿನ ಬಣ್ಣ ಸುರಿದಷ್ಟೇ ಗಾಢವಾಗಿ ಬರುವ ತನಕ ನಿಲ್ಲಿಸಬಾರದು. ಒಂದು ಚಪ್ಪಡಿಗೆ ನಾಲ್ಕೈದು ಬಾಂಡ್ಲಿ ಹಿಡಿಯುತ್ತದೆ, ಕೆಲವಕ್ಕೆ ಅದರ ದುಪ್ಪಟ್ಟು. ಜ್ಯಾಕ್ ಬಿಡಿಸುವುದು ಮಾರನೇ ದಿನ.

ಮಾಲು ಅಂದರೆ ನುಣುಪು ಜಲ್ಲಿಪುಡಿ, ಹತ್ತಕ್ಕೆ ಒಂದು ಪಾಲು ಸಿಮೆಂಟ್, ಜೊತೆಗೆ ಇನ್ನೊಂದು ಪುಡಿ. ಆ ಪುಡಿ ಇಲ್ಲದಿದ್ದರೆ ನೀರು ಮುಂದೆ ಓಡಿ ಜಲ್ಲಿಪುಡಿ ಹಿಂದೆ ಉಳಿಯುತ್ತದೆ. ಅದು ಏನು, ಎಷ್ಟು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ತುಂಬಾ ದುಡ್ಡು ಕಳೆದು ಕಂಡುಕೊಂಡದ್ದು. ಮಟ್ಟಕ್ಕಿಂತ ಎಷ್ಟು ಮೇಲಕ್ಕೆ ಬಿಟ್ಟು ಕೂರಿಸಬೇಕು ಅನ್ನೋದೂ ಹಾಗೇ. ಕೈಯಿಟ್ಟು ಮಾಡಿದವರಿಗೆ ತಾನಾಗೇ ತಿಳಿಯುತ್ತದೆ.

ಹಣದ ಮಾತಿಗೆ ಬಂದರೆ, ಮಾಲೀಕರಿಗೆ ಹೊಸದು ಹಾಕುವ ಖರ್ಚಿನ ಮೂರನೇ ಒಂದು ಭಾಗದಲ್ಲಿ ಕೆಲಸ ಮುಗಿಯುತ್ತದೆ. ನನಗೆ ಉಳಿಯುವುದು ಹೊಸ ಕೆಲಸಕ್ಕಿಂತ ಜಾಸ್ತಿ, ಯಾಕೆಂದರೆ ಸಾಮಾನಿನ ಖರ್ಚು ತೀರಾ ಕಡಿಮೆ, ಮುಕ್ಕಾಲು ಪಾಲು ಕೂಲಿಯೇ. ಚದರಡಿ ಲೆಕ್ಕದಲ್ಲಿ ರೇಟ್ ಹೇಳಬೇಡಿ. ಚಪ್ಪಡಿ ಲೆಕ್ಕದಲ್ಲಿ ಹೇಳಿ. ಹತ್ತಕ್ಕೆ ಒಂದು ಎತ್ತುವಾಗ ಒಡೆಯುತ್ತದೆ ಅಂತ ಹಿಡಿದು, ಆ ಹೊಸ ಚಪ್ಪಡಿಯ ಖರ್ಚನ್ನು ಮೊದಲೇ ಹಂಚಿಬಿಡಿ. ನನಗೆ ಈಗ ಅಷ್ಟೂ ಒಡೆಯುವುದಿಲ್ಲ, ಆದರೂ ಲೆಕ್ಕ ಬಿಟ್ಟಿಲ್ಲ.

ಎಲ್ಲವನ್ನೂ ಎತ್ತಲು ಆಗುವುದಿಲ್ಲ. ಮೂರು ತುಂಡಾದದ್ದು, ಮೂರು ಇಂಚಿಗಿಂತ ತೆಳು ಇರುವುದು, ಮೇಲ್ಮೈ ಪುಡಿ ಉದುರುತ್ತಿರುವುದು, ಇವನ್ನು ಒಡೆಯಲೇಬೇಕು. ಬರೀ ಒಂದು ಅಂಚು ಅರ್ಧ ಇಂಚು ಎದ್ದು ಕಾಲಿಗೆ ತಾಗುತ್ತಿದ್ದರೆ ಗ್ರೈಂಡರ್ ಸಾಕು, ಇಳಿಜಾರಾಗಿ ಉಜ್ಜಿಬಿಡಿ. ಅಂಚು ಕಿತ್ತ ಕಡೆ ತೇಪೆ ಹಾಕುವಾಗ ಮಾತ್ರ ಸುತ್ತ ಕಟ್ಟರ್‌ನಿಂದ ಕನಿಷ್ಠ ಒಂದಿಂಚು ಆಳದ ನೇರ ಅಂಚು ಮಾಡಿಕೊಳ್ಳಿ. ಒಬ್ಬ ಮಾಲೀಕರು ದಾರಿ ಪೂರ್ತಿ ಅರ್ಧ ಇಂಚು ಗಾರೆ ಎಳೆದು ಹೊಸದು ಮಾಡಿಕೊಡಿ ಅಂತ ಪಟ್ಟು ಹಿಡಿದರು. ನಾನು ಒಲ್ಲೆ ಅಂದೆ, ಬೇರೆಯವರು ಮಾಡಿದರು. ವರ್ಷದೊಳಗೆ ಹಪ್ಪಳದ ಹಾಗೆ ಎದ್ದು ಬಂತು. ಕೊನೆಗೆ ಕರೆದದ್ದು ನನ್ನನ್ನೇ.

ಹೊಸದಾಗಿ ಹಾಕುವಾಗಲೂ ನನ್ನ ಹಣ ಕೆಳಗೇ ಹೋಗುತ್ತದೆ. ಮೇಲ್ಮಣ್ಣು ಪೂರ್ತಿ ತೆಗೆದು, ನಾಲ್ಕಿಂಚು ಜಲ್ಲಿ ಹಾಸು, ಎರಡು ಪದರದಲ್ಲಿ ಕಂಪ್ಯಾಕ್ಟರ್ (ಕುಟ್ಟಿ ಬಿಗಿ ಮಾಡುವ ಯಂತ್ರ) ಓಡಿಸಿ. ಮಾಲೀಕರು "ಕಾಣದ ಕಡೆಗೆ ಯಾಕೆ ಇಷ್ಟು ಖರ್ಚು, ಅದರ ಬದಲು ಕಂಬಿ ಹಾಕಿ" ಅನ್ನುತ್ತಾರೆ. ಕಾಲುದಾರಿಗೆ ನಾನು ಕಂಬಿ ಹಾಕುವುದಿಲ್ಲ. ಸುಮ್ನೆ ನೆಲಕ್ಕೆ ಹಾಸಿದ ಜಾಲರಿ ಕಾಲಡಿ ಸಿಕ್ಕಿ ತಳದಲ್ಲೇ ಉಳಿಯುತ್ತದೆ, ಬಿರುಕು ತಡೆಯುವುದಿಲ್ಲ. ಕಾರು ದಾಟುವ ಕಡೆ ಮಾತ್ರ ಆರಿಂಚು ದಪ್ಪ, ಕಂಬಿ, ಅದೂ ಕವರ್ ಬ್ಲಾಕ್ (ಕಂಬಿಯನ್ನು ನೆಲದಿಂದ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ಮೇಲೆ. ಉಳಿದ ಕಡೆ ದಾರಿ ಎಷ್ಟು ಅಗಲವೋ ಅಷ್ಟೇ ಉದ್ದಕ್ಕೆ ಒಂದೊಂದು ಕೀಲು, ಅಂದರೆ ಬಿರುಕು ಬಿದ್ದರೆ ಅಲ್ಲೇ ಬೀಳಲಿ ಅಂತ ಕೊಯ್ಯುವ ಗೀರು. ಆಳ ದಪ್ಪದ ಕಾಲು ಭಾಗ. ಗೋಡೆಗೆ ತಾಗುವ ಕಡೆ ಅರ್ಧ ಇಂಚು ಫೋಮ್ ಪಟ್ಟಿ. ಇಳಿಜಾರು ಮನೆಯಿಂದ ಆಚೆಗೆ, ಮೀಟರಿಗೆ 2 ಸೆಂ.ಮೀ.

ಕೀಲು ಯಾವಾಗ ಕೊಯ್ಯಬೇಕು ಅನ್ನೋದರ ಮೇಲೆ ಸ್ವಲ್ಪ ಆಟ ಆಡಿ ನೋಡಿದ್ದೇನೆ. ಒಂದೇ ದಾರಿಯಲ್ಲಿ ಒಂದು ಕೀಲು ಬೇಗ, ಒಂದು ಸಂಜೆ, ಒಂದು ಮಾರನೇ ಮಧ್ಯಾಹ್ನ. ಬೇಗ ಕೊಯ್ದಲ್ಲಿ ಜಲ್ಲಿ ಕಿತ್ತು ಅಂಚು ಹರಿಯಿತು. ಮಧ್ಯಾಹ್ನದ ತನಕ ಕಾದಲ್ಲಿ ಕಾಂಕ್ರೀಟ್ ತಾನೇ ಬೇರೆ ಜಾಗ ಆರಿಸಿಕೊಂಡು ಬಿರಿದಿತ್ತು. ಬಿಸಿಲಿದ್ದರೆ ಹಾಕಿದ ಏಳೆಂಟು ಗಂಟೆಗೆ, ತಂಪಿದ್ದರೆ ಮಾರನೇ ಬೆಳಗ್ಗೆ, ಅಂಚು ಹರಿಯುವುದು ನಿಂತ ಕೂಡಲೇ ಕೊಯ್ಯುತ್ತೇನೆ.

ಕಾಂಕ್ರೀಟ್ ಕಲಸುವಾಗ ಎಷ್ಟು ನೀರು ಅನ್ನೋ ಜಗಳ ಎಲ್ಲರಿಗೂ ಗೊತ್ತಿದ್ದದ್ದೇ. ನೀರು ಜಾಸ್ತಿಯಾದಷ್ಟೂ ಬಲ ಕಡಿಮೆ ಅಂತ 1918ರಲ್ಲೇ ಅಮೆರಿಕದ ಕಾಂಕ್ರೀಟ್ ಸಂಶೋಧಕ ಡಫ್ ಏಬ್ರಮ್ಸ್ ತೋರಿಸಿಕೊಟ್ಟಿದ್ದಾರೆ. ಇನ್ನೂ ಬಕೆಟ್ ಹಿಡಿದು ನಿಂತವರನ್ನು ತಡೆಯಬೇಕು. ಅದಕ್ಕಿಂತ ಹಾಳು ಅಭ್ಯಾಸ ಅಂದರೆ ಮೇಲೆ ಬಂದ ನೀರು ಹೀರಲಿ ಅಂತ ಸಿಮೆಂಟ್ ಪುಡಿ ಎರಚಿ ಕರಣೆ ಎಳೆಯುವುದು. ಆ ದಿನ ಕನ್ನಡಿ ಥರ ಹೊಳೆಯುತ್ತದೆ, ಆಮೇಲೆ ಪದರ ಪದರವಾಗಿ ಬಿಡುತ್ತದೆ. ನಾನು ನೀರು ಆರುವ ತನಕ ಕೂತು ಕಾಯುತ್ತೇನೆ. ಎಷ್ಟು ಹೊತ್ತಾದರೂ ಸರಿ. ಮೇಲೆ ಕಾಲಿಟ್ಟರೆ ಕಾಲು ಇಂಚಿನ ಗುರುತು ಬಿದ್ದಾಗ ಮರದ ರಂದಾ (ಮೇಲ್ಮೈ ಉಜ್ಜಿ ಸಮ ಮಾಡುವ ಹಲಗೆ), ಆಮೇಲೆ ಪೊರಕೆ ಎಳೆದು ಒರಟು ಮಾಡುತ್ತೇನೆ. ಜಾರುವುದೂ ಇಲ್ಲ. ಏಳು ದಿನ ಒದ್ದೆ ಗೋಣಿಚೀಲ.

ಮರದ ಬೇರು ಎತ್ತಿದ ದಾರಿ ಬೇರೆಯೇ ಕಥೆ. ಅಲ್ಲಿ ಚಪ್ಪಡಿ ಇಳಿದಿರುವುದಿಲ್ಲ, ಎದ್ದಿರುತ್ತದೆ. ದಪ್ಪ ಬೇರು ಕಡಿದರೆ ದಾರಿ ಉಳಿಯಬಹುದು, ಗಾಳಿಗೆ ಮರ ಮನೆ ಮೇಲೆ ಬರುತ್ತದೆ. ಈಗ ಒಂದು ಮನೆಯಲ್ಲಿ ಎದ್ದ ಎರಡು ಚಪ್ಪಡಿ ತೆಗೆದು, ಬೇರಿನ ಮೇಲೆ ಧೂಳಿಲ್ಲದ ದಪ್ಪ ಜಲ್ಲಿ ಹಾಸಿ, ದಾರಿಯನ್ನೇ ಮೂರು ಇಂಚು ಏರಿಸಿ ಎರಡೂ ಕಡೆ ನಿಧಾನ ಇಳಿಜಾರು ಕೊಟ್ಟಿದ್ದೇನೆ. ಜಲ್ಲಿಯ ಸಂದಿಯಲ್ಲಿ ತೇವ ನಿಲ್ಲುವುದಿಲ್ಲ, ಹಾಗಾಗಿ ಬೇರು ಆ ಪದರದಲ್ಲಿ ಹರಡುವುದಿಲ್ಲ ಅನ್ನೋದು ನನ್ನ ಲೆಕ್ಕ. ಹಾಕಿ ವರ್ಷ ದಾಟಿದೆ, ಕೀಲಿನಲ್ಲಿ ಕೂದಲೆಳೆಯಷ್ಟೂ ಏರುಪೇರಿಲ್ಲ. ಇನ್ನೊಂದೆರಡು ವರ್ಷ ನೋಡಿ ಅದರ ಬಗ್ಗೆ ಬೇರೆಯಾಗಿಯೇ ಬರೆಯುತ್ತೇನೆ.